ಮೊದಲು ತೂತು, ಆಮೇಲೆ ಮೊಳೆ

ನಮ್ಮಪ್ಪ ಮರಗೆಲಸ ಮಾಡುತ್ತಾರೆ. ಹೋದ ತಿಂಗಳು ಒಬ್ಬರ ಮನೆಗೆ ತೊಟ್ಟಿಲು ಮಾಡುತ್ತಿದ್ದರು. ಅಪ್ಪ ಊಟಕ್ಕೆ ಹೋದಾಗ ನಾನೇ ಮೊಳೆ ಹೊಡೆದುಬಿಡೋಣ ಅಂತ ಪಟ್ಟಿಯ ತುದಿಗೆ ಸುತ್ತಿಗೆಯಿಂದ ಹೊಡೆದೆ. ಟಪ್ ಅಂತ ಪಟ್ಟಿ ಉದ್ದಕ್ಕೂ ಸೀಳಿತು. ಒಳ್ಳೆಯ ಹಲಸಿನ ಮರ. ನನಗೆ ಅಳು ಬಂತು. ಅಪ್ಪ ಹೊಡೆಯಲಿಲ್ಲ. “ತೂತು ಕೊರೀದೆ ಮೊಳೆ ಹೊಡೆದ್ರೆ ಹಿಂಗೇ ಆಗೋದು” ಅಂದರು. ಅವತ್ತು ಕರೆಂಟ್ ಇರಲಿಲ್ಲ. ತಾತನ ಹಳೇ ಬೈರಿಗೆಯನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಮರ ಯಾಕೆ ಸೀಳುತ್ತದೆ? ಮರದಲ್ಲಿ ನಾರುಗಳು ಉದ್ದಕ್ಕೆ ಇರುತ್ತವೆ. ಮೊಳೆ ಬೆಣೆಯ ಹಾಗೆ ಅವನ್ನು ಪಕ್ಕಕ್ಕೆ ತಳ್ಳುತ್ತದೆ. ಬೈರಿಗೆ ತಳ್ಳುವುದಿಲ್ಲ, ಕೆರೆದು ಪುಡಿ ಮಾಡಿ ಹೊರಗೆ ಹಾಕುತ್ತದೆ. ತೂತು ಮೊಳೆಗಿಂತ ಸ್ವಲ್ಪ ಸಣ್ಣದಿರಬೇಕು. ಇಲ್ಲದಿದ್ದರೆ ಮೊಳೆ ಬಿಗಿಯಾಗಿ ಕೂರುವುದಿಲ್ಲ.

ಬೈರಿಗೆಯಲ್ಲಿ ಒಂದು ಗುಂಡನೆಯ ಮರದ ಕೋಲು, ಅದರ ಕೆಳಗೆ ಉಕ್ಕಿನ ಅಲಗು, ಮೇಲೆ ಸಡಿಲವಾಗಿ ತಿರುಗುವ ಹಿಡಿ ಇರುತ್ತವೆ. ಜೊತೆಗೆ ಒಂದು ಬಿಲ್ಲು. ಬಿಲ್ಲಿನ ಹುರಿಯನ್ನು ಕೋಲಿಗೆ ಒಂದು ಸುತ್ತು ಸುತ್ತಬೇಕು. ಎಡಗೈಯಲ್ಲಿ ಹಿಡಿಯನ್ನು ಒತ್ತಿಕೊಂಡು ಬಲಗೈಯಲ್ಲಿ ಬಿಲ್ಲನ್ನು ಗರಗಸದಂತೆ ಹಿಂದೆ ಮುಂದೆ ಎಳೆದರೆ ಕೋಲು ಗಿರ್ರನೆ ತಿರುಗುತ್ತದೆ.

ನಾನು ಲೆಕ್ಕ ಹಾಕಿದೆ. ಕೋಲಿನ ವ್ಯಾಸ 3.5 ಸೆಂ.ಮೀ. ಅದನ್ನು 22/7ರಿಂದ ಗುಣಿಸಿದರೆ ಸುತ್ತಳತೆ 11 ಸೆಂ.ಮೀ. ಬಿಲ್ಲನ್ನು 55 ಸೆಂ.ಮೀ. ಎಳೆದರೆ 5 ಸುತ್ತು! ವಾಪಸ್ ತಂದಾಗ ಉಲ್ಟಾ 5 ಸುತ್ತು. ಅಲಗಿಗೆ ಎರಡೂ ಕಡೆ ಹರಿತ ಇರುವುದರಿಂದ ಹೇಗೆ ತಿರುಗಿದರೂ ಕೆರೆಯುತ್ತದೆ.

ಈ ಉಪಾಯ ಬಹಳ ಹಳೆಯದು. ಈಜಿಪ್ಟಿನಲ್ಲಿ ರೆಖ್ಮಿರೆ ಎಂಬ ಮಂತ್ರಿಯ ಸಮಾಧಿಯ ಗೋಡೆಯ ಮೇಲೆ ಬಡಗಿಯೊಬ್ಬ ಇಂಥದೇ ಬಿಲ್ಲಿನಿಂದ ತೂತು ಕೊರೆಯುವ ಚಿತ್ರವಿದೆ. ಅದು ಸುಮಾರು 3400 ವರ್ಷ ಹಳೆಯದು.

ನಾನು ಮೊದಲು ಜೋರಾಗಿ ಒತ್ತಿದೆ. ಹುರಿ ಜಾರಿತು, ಕೋಲು ತಿರುಗಲೇ ಇಲ್ಲ. “ಮೆಲ್ಲಗೆ ಒತ್ತು, ಅದೇ ಕೊರೀತದೆ” ಅಂದರು ಅಪ್ಪ. ಹಾಗೇ ಮಾಡಿದೆ. ಹೊಸ ಪಟ್ಟಿಗೆ 4 ತೂತು ಕೊರೆದೆ. ಒಂದು ಮಾತ್ರ ಸ್ವಲ್ಪ ಓರೆಯಾಯಿತು. ಪಟ್ಟಿ ಸೀಳಲಿಲ್ಲ. ಈಗ ಆ ತೊಟ್ಟಿಲಲ್ಲಿ ಪಾಪು ಮಲಗಿದೆ.

ನೀವೂ ಆಚಾರ್ರ ಮನೆಗೆ ಹೋದಾಗ ಬೈರಿಗೆ ತೋರಿಸಿ ಅಂತ ಕೇಳಿ. ಆದರೆ ಅವರನ್ನು ಕೇಳದೆ ಮೊಳೆ ಮಾತ್ರ ಹೊಡೆಯಬೇಡಿ!

– 7ನೇ ತರಗತಿ