ಉಳುಕಿದ ಕಾಲಿಗೆ ಮಂಜುಗಡ್ಡೆ ಬಂದ ಬಗೆ

ಉಳುಕಿದ ಕಾಲಿಗೆ ಹುಣಸೆಹಣ್ಣು ಉಪ್ಪು ಕುದಿಸಿ ಬಿಸಿಬಿಸಿಯಾಗಿ ಪಟ್ಟು ಹಾಕುವ, ಎಣ್ಣೆ ಕಾಯಿಸಿ ನೀವುವ, ಬೆನ್ನು ಹಿಡಿದುಕೊಂಡಿದ್ದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಕರೆತಂದು ಅವರ ಪಾದದಿಂದ ಮೆಲ್ಲಗೆ ಒದೆಸಿಕೊಳ್ಳುವ ಪರಿಪಾಠವು ನಮ್ಮ ಮನೆಗಳಲ್ಲಿ ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ. ಆದರೂ ಇಂದು ಮೈದಾನದಲ್ಲಿ ಹುಡುಗನೊಬ್ಬನ ಕಾಲು ಹೊರಳಿತೆಂದರೆ ಮೊದಲು ಕೇಳಿಬರುವ ಕೂಗು ‘ಐಸ್ ತನ್ನಿ’ ಎಂಬುದೇ. ಶೈತ್ಯೋಪಚಾರಕ್ಕೆ ಇಂಥ ಪ್ರತಿಷ್ಠೆ ಬಂದದ್ದು ಬಹುಮಟ್ಟಿಗೆ ಅಮೆರಿಕದ ಒಂದು ಪುಸ್ತಕದ ದೆಸೆಯಿಂದ. ಆ ಪುಸ್ತಕದ ಕರ್ತೃವೇ ಮುಂದೆ ತಮ್ಮ ಮಾತನ್ನು ತಿದ್ದಿಕೊಂಡರೆಂಬ ಸಂಗತಿ ಮಾತ್ರ ಅಷ್ಟು ದೂರ ಹಬ್ಬಲಿಲ್ಲ.

ತಣ್ಣೀರಿನಿಂದ ಕೀಲುಗಳ ಬಾವೂ ಉಳುಕಿನ ನೋವೂ ಶಮನವಾಗುವುವೆಂಬುದು ಹಿಪಾಕ್ರಟಿಸನ ಹೆಸರಿನಲ್ಲಿ ಬಂದಿರುವ ಗ್ರೀಕ್ ವೈದ್ಯಸೂತ್ರಗಳಲ್ಲಿಯೇ ಉಂಟು. ಆದರೆ ಅದನ್ನು ಮನೆಮನೆಯ ಕಟ್ಟಳೆಯಾಗಿಸಿದವರು, ಸ್ವತಃ ಓಟಗಾರರೂ ವೈದ್ಯರೂ ಆದ ಗೇಬ್ ಮಿರ್ಕಿನ್. ಮಾರ್ಷಲ್ ಹಾಫ್‌ಮನ್ನರೊಡನೆ 1978ರಲ್ಲಿ ಪ್ರಕಟಿಸಿದ ಕ್ರೀಡಾವೈದ್ಯ ಗ್ರಂಥದಲ್ಲಿ ಅವರು ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕು ವಿಧಿಗಳನ್ನು ಹೇಳಿ, ಅವುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ‘ರೈಸ್’ ಎಂದು ಕರೆದರು. ಬಾಯಿಪಾಠಕ್ಕೆ ಸುಲಭವಾದದ್ದು ಪರೀಕ್ಷೆಗೆ ಒಳಗಾಗದೆಯೇ ಶಾಸ್ತ್ರವಾಗಿಬಿಡುವುದುಂಟು. ವ್ಯಾಯಾಮದ ಮೇಷ್ಟರಿಂದ ಹಿಡಿದು ಪ್ರಥಮಚಿಕಿತ್ಸೆಯ ಕೈಪಿಡಿಯವರೆಗೆ ಎಲ್ಲರೂ ಇದನ್ನು ಒಪ್ಪಿಕೊಂಡರು.

ಶರೀರದ ಒಳಗೆ ನಡೆಯುವುದೇನೆಂದು ನೋಡೋಣ. ಪಾದವು ಒಳಮಗ್ಗುಲಿಗೆ ಮಡಚಿಕೊಂಡು ಮೈಭಾರವೆಲ್ಲ ಅದರ ಮೇಲೆ ಬಿದ್ದಾಗ, ಹೊರಗಡೆಯ ಹರಡಿನ ಮುಂಭಾಗದಲ್ಲಿ ಮೂಳೆಗೂ ಮೂಳೆಗೂ ಬಂಧವಾಗಿರುವ ಅಸ್ಥಿರಜ್ಜುವು ಮೊದಲು ಜಗ್ಗುತ್ತದೆ. ಪೆಟ್ಟು ಬಲವಾಗಿದ್ದರೆ ಹಳೆಯ ಹಗ್ಗದ ಹುರಿಯಂತೆ ಎಳೆಎಳೆಯಾಗಿ ಹರಿಯುತ್ತದೆ. ವೇಗವಾಗಿ ಓಡುವವನ ತೊಡೆಯ ಹಿಂಬದಿಯಲ್ಲಿ ಹರಿಯುವುದಾದರೋ ಸ್ನಾಯುವಿನ ಎಳೆ. ಎರಡರಲ್ಲಿಯೂ ಒಡನೆಯೇ ರಕ್ತವು ಒಸರಿ, ಬಾವು ಏರಿ, ಬಿಳಿಯ ರಕ್ತಕಣಗಳು ಆ ಜಾಗಕ್ಕೆ ಧಾವಿಸಿ, ನಷ್ಟವಾದ ಅಂಶವನ್ನು ತೆಗೆದುಹಾಕಿ ಹೊಸ ಅಂಗಾಂಶಕ್ಕೆ ನಾಂದಿ ಹಾಡುತ್ತವೆ. ನಾವು ಶತ್ರುವೆಂದು ತಿಳಿದ ಬಾವು ರಿಪೇರಿಯ ಮೊದಲ ಹಂತವೇ ಆಗಿದ್ದಿತು. ಶೈತ್ಯವು ರಕ್ತನಾಳಗಳನ್ನು ಸಂಕೋಚಗೊಳಿಸಿ ಆ ಕೆಲಸವನ್ನು ತಡಮಾಡಬಹುದೆಂದು 2014ರಲ್ಲಿ ಮಿರ್ಕಿನ್ನರೇ ಬರೆದರು. ನೋವು ತಡೆಯಲಾರದಿದ್ದರೆ ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕೆಂದರು. ಮೂವತ್ತಾರು ವರ್ಷ ಜಗತ್ತೇ ಅನುಸರಿಸಿದ ತಮ್ಮ ಸೂತ್ರವನ್ನು ತಾವೇ ಸಡಿಲಿಸುವ ಧೈರ್ಯ ಎಲ್ಲ ಪಂಡಿತರಿಗೂ ಇರುವುದಿಲ್ಲ.

ಅಷ್ಟರಲ್ಲಿ, 2012ರಲ್ಲಿಯೇ, ಬ್ರಿಟನ್ನಿನ ಕ್ರೀಡಾವೈದ್ಯಪತ್ರಿಕೆಯೊಂದು ಬರಿಯ ವಿಶ್ರಾಂತಿಗೆ ಬದಲಾಗಿ ತಕ್ಕಮಟ್ಟಿನ ಭಾರ ಹೊರಿಸುವುದನ್ನು ಮುಂದಿಟ್ಟಿತ್ತು. 2019ರಲ್ಲಿ ಬಂದ ಮತ್ತೊಂದು ಸೂತ್ರವು ಮಂಜುಗಡ್ಡೆಯನ್ನೇ ಕೈಬಿಟ್ಟಿತು. ಈಗಿನ ಒಲವು ಹೀಗೆ: ಒಂದೆರಡು ದಿನ ಕಾಲನ್ನು ಕಾಪಾಡಿಕೊಂಡು, ಕ್ರೇಪ್ ಬ್ಯಾಂಡೇಜು ಸುತ್ತಿ, ದಿಂಬಿನ ಮೇಲಿರಿಸಿ, ನೋವು ಬಿಟ್ಟಷ್ಟು ಬೇಗ ನಡೆಯತೊಡಗುವುದು. ಹೊಸ ಗಾಯದ ಮೇಲೆ ಬಲವಾಗಿ ತಿಕ್ಕುವುದಂತೂ ಸಲ್ಲದು.

ನನ್ನ ಎಣಿಕೆಯಲ್ಲಿ ಈ ಅಕ್ಷರಸೂತ್ರಗಳೆಲ್ಲಕ್ಕಿಂತ ಹೆಚ್ಚು ಉಪಕಾರಿಯಾದದ್ದು ಕೆನಡದ ಆಟವಾ ನಗರದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ರೂಪಿಸಿದ ಪರೀಕ್ಷೆ. ಪೆಟ್ಟಾದವನು ನಾಲ್ಕು ಹೆಜ್ಜೆ ಇಡಲಾರನೆ? ಹರಡಿನ ಎರಡು ಗಂಟುಗಳ ಹಿಂಬದಿಯ ಅಂಚನ್ನೋ ತುದಿಯನ್ನೋ ಒತ್ತಿದರೆ ಮೂಳೆಯೇ ನೋಯುವುದೆ? ಪಾದದ ಹೊರಅಂಚಿನ ನಡುವೆ ಎದ್ದಿರುವ ಮೂಳೆಯ ಬುಡದಲ್ಲಿ, ಅಥವಾ ಒಳಮಗ್ಗುಲಿನ ಕಮಾನಿನ ಮೇಲುಗಡೆಯ ಮೂಳೆಯಲ್ಲಿ ನೋವುಂಟೆ? ಯಾವುದೊಂದಕ್ಕೆ ಹೌದೆಂದರೂ ಎಕ್ಸ್‌ರೇ ತೆಗೆಸತಕ್ಕದ್ದು. ಅಲ್ಲಿಯವರೆಗೆ ಕಾಲನ್ನು ಯಾರ ಕೈಗೂ ಎಳೆಯಲು ಕೊಡಬಾರದು.

ಒಮ್ಮೆ ಉಳುಕಿದ ಹರಡು ಮತ್ತೆ ಉಳುಕುವ ಸಂಭವವೇ ಹೆಚ್ಚು. ಏಕೆಂದರೆ ರಜ್ಜುವಿನೊಡನೆ, ಪಾದ ಎತ್ತ ವಾಲಿದೆಯೆಂದು ಮಿದುಳಿಗೆ ತಿಳಿಸುವ ಸೂಕ್ಷ್ಮ ನರತುದಿಗಳಿಗೂ ಘಾಸಿಯಾಗಿರುತ್ತದೆ. ನೋವು ಇಳಿದ ಮೇಲೆ, ಬೀಳದಂತೆ ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಂತು, ಅದು ರೂಢಿಯಾದಾಗ ಕಣ್ಣು ಮುಚ್ಚಿ ನಿಂತು, ಕೆಲವು ವಾರ ಅಭ್ಯಾಸ ಮಾಡಿದರೆ ಆ ಅರಿವು ಮರಳಿ ಚುರುಕಾಗುತ್ತದೆ. ಹಲ್ಲುಜ್ಜುವ ಹೊತ್ತೂ ಇದಕ್ಕೆ ಆಗುತ್ತದೆ.