ಬ್ರಹ್ಮಗಿರಿಯ ನೆಲದಡಿ ಏನಿತ್ತು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರೇ, ನಮ್ಮ ಕಡೆ ಕೋಟೆಗಳಿಗೇನೂ ಬರವಿಲ್ಲ. ಆದರೆ ಕೋಟೆಗಳಿಗೂ ಮೊದಲು ಈ ಒಣಸೀಮೆಯಲ್ಲಿ ಜನ ಹೇಗೆ ಬದುಕಿದ್ದರು? ಅದನ್ನು ತಿಳಿಯೋಕೆ ಪಾವಗಡ ದಾಟಿ ಉತ್ತರಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು.

1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಇಲ್ಲಿ ಅಶೋಕನ ಶಾಸನ ಪತ್ತೆಹಚ್ಚಿದರು. ಅದರಲ್ಲಿ ಇಸಿಲ ಅನ್ನೋ ಊರಿನ ಹೆಸರಿದೆ. ಬರೆದವನು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿ, ತಾನು ಲಿಪಿಕಾರ ಅನ್ನೋದನ್ನು ಮಾತ್ರ ದೂರದ ಗಾಂಧಾರದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಸ್ವಲ್ಪ ಜಂಬದವನೇ ಇರಬೇಕು!

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಸಿಕ್ಕವು. ತಳದಲ್ಲಿ ಉಜ್ಜಿ ನಯಮಾಡಿದ ಕಲ್ಲುಕೊಡಲಿಗಳು. ನಂತರ ಕಬ್ಬಿಣ, ಕಪ್ಪು-ಕೆಂಪು ಮಡಕೆ. ಕಬ್ಬಿಣ ಬಳಸಿದ ಈ ಜನ ಸತ್ತವರಿಗೆ ಚಪ್ಪಡಿಗಳ ಕೋಣೆ ಕಟ್ಟುತ್ತಿದ್ದರು, ಪೂರ್ವದ ಚಪ್ಪಡಿಗೆ ದುಂಡನೆಯ ಕಂಡಿ ಕೊರೆಯುತ್ತಿದ್ದರು. ಮೇಲೆ ಸಾತವಾಹನರ ಕಾಲದ ಪದರ.

ಕಾಲ ಗೊತ್ತಾಗಿದ್ದು ಹೇಗೆ? ಮೇಲಿನ ಪದರದ ಚಿತ್ತಾರದ ತಟ್ಟೆಗಳಂಥವೇ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮಿನ ಮಡಕೆಗಳ ಜೊತೆ ಸಿಕ್ಕಿದ್ದವು. ರೋಮಿನ ಮಡಕೆಯ ಕಾಲ ಗೊತ್ತಿತ್ತು, ಅದೇ ಸುಳಿವಾಯಿತು.

ಆದರೆ ಕಲ್ಲುಕೊಡಲಿಗೆ ವೀಲರ್ ಕೊಟ್ಟ ಕ್ರಿ.ಪೂ. 1000 ತೀರಾ ಈಚಿನದಾಯ್ತು. ದಕ್ಷಿಣದ ಬೇರೆ ನೆಲೆಗಳ ಇಂಗಾಲ ಪರೀಕ್ಷೆ ಆ ಕಾಲವನ್ನು ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಒಯ್ದಿತು.

ನಿಮ್ಮ ಹೊಲದಲ್ಲಿ ಇಂಥ ನಯವಾದ ಕೊಡಲಿಯೋ, ಚಪ್ಪಡಿ ಗೋರಿಯೋ ಕಂಡರೆ ನಿಧಿ ಅಂತ ಅಗೆಯಬೇಡಿ. ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.