ಕಡಲೆಕಾಯಿಯ ಸಿಪ್ಪೆ ಮತ್ತು ಕೈತೋಟ

ಪ್ರತಿವರ್ಷವೂ ಕಾರ್ತಿಕ ಮಾಸದ ಕಡೆಯ ಸೋಮವಾರದ ವೇಳೆಗೆ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಪರಿಷೆಯಿಂದ ತಂದ ಕಾಯಿಯನ್ನು ಸುಲಿದು ಬೀಜವನ್ನು ತಿಂದ ಮೇಲೆ ಮನೆಯಲ್ಲಿ ಉಳಿಯುವುದು ಸಿಪ್ಪೆಯ ರಾಶಿ. ಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 25ರಿಂದ 30 ಪಾಲು ಸಿಪ್ಪೆಯೇ ಆಗಿರುತ್ತದೆ. ನಾವು ಅದನ್ನು ಕಸವೆಂದು ಬಿಸುಡುತ್ತೇವೆ, ಇಲ್ಲವೆ ಸುಟ್ಟುಬಿಡುತ್ತೇವೆ. ಆದರೆ ಬಳಸುವ ಕ್ರಮವನ್ನು ಅರಿತರೆ ಆ ಸಿಪ್ಪೆ ಕೈತೋಟಕ್ಕೆ ಉಪಕಾರಿ. ಅರಿಯದೆ ಬಳಸಿದರೆ ಗಿಡಗಳಿಗೆ ಅಪಕಾರಿ.

ಇದಕ್ಕೆ ಕಾರಣವೇನು? ಸಿಪ್ಪೆಯ ಹೆಚ್ಚಿನ ಭಾಗ ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ವಸ್ತುಗಳಿಂದಾದುದು. ಅದರಲ್ಲಿ ಇಂಗಾಲ ಹೇರಳ, ಸಾರಜನಕ ಅತ್ಯಲ್ಪ. ಕೊಳೆಯದ ಸಿಪ್ಪೆಯನ್ನು ಮಣ್ಣಿನೊಳಗೆ ಬೆರೆಸಿದಾಗ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಹೀರಿಕೊಳ್ಳುತ್ತವೆ. ಹೀಗೆ ಗಿಡಕ್ಕೆ ಸಲ್ಲಬೇಕಾದ ಆಹಾರ ಅವುಗಳ ಪಾಲಾಗುತ್ತದೆ. ಎಲೆಗಳು ಹಳದಿಗೆ ತಿರುಗಿ ಬೆಳವಣಿಗೆ ಕುಂಠಿತವಾಗುತ್ತದೆ. ಗೊಬ್ಬರ ಹಾಕಿದೆವೆಂದು ನಾವು ನೆಮ್ಮದಿಯಿಂದಿರುವಾಗಲೇ ಗಿಡ ಹಸಿದಿರುತ್ತದೆ!

ಆದುದರಿಂದ ಸಿಪ್ಪೆಯನ್ನು ಎರಡು ಬಗೆಯಲ್ಲಿ ಬಳಸುವುದು ಲೇಸು. ಮೊದಲನೆಯದು ಹೊದಿಕೆ. ಮುರಿದ ಸಿಪ್ಪೆಯನ್ನು ಪಾತಿಯ ಮೇಲೆ ಸುಮಾರು 2 ಅಂಗುಲ ದಪ್ಪಕ್ಕೆ ಹರಡಬೇಕು. ಅದು ಬಿಸಿಲನ್ನು ತಡೆದು ಮಣ್ಣಿನ ತೇವವನ್ನು ಕಾಪಾಡುತ್ತದೆ, ಕಳೆಯನ್ನು ಹತ್ತಿಕ್ಕುತ್ತದೆ. ಸಿಪ್ಪೆ ಮಣ್ಣಿನ ಮೇಲ್ಮೈಯನ್ನು ಮಾತ್ರ ಮುಟ್ಟಿರುವುದರಿಂದ ಬೇರಿನ ಬಳಿಯ ಸಾರಜನಕಕ್ಕೆ ಹೆಚ್ಚಿನ ಕೊರತೆಯಾಗದು. ಆದರೆ ಗಿಡದ ಬುಡಕ್ಕೆ ಅದನ್ನು ತಾಗಿಸಬಾರದು. ತಾಗಿಸಿದರೆ ಬುಡ ಕೊಳೆಯಬಹುದು, ಗೆದ್ದಲೂ ಹತ್ತಬಹುದು.

ಎರಡನೆಯದು ಕಾಂಪೋಸ್ಟ್ ಗೊಬ್ಬರ. ಗುಂಡಿಯಲ್ಲಿ ಒಂದು ಪದರ ಸಿಪ್ಪೆ, ಅದರ ಮೇಲೆ ಒಂದು ಪದರ ಹಸಿರೆಲೆ ಅಥವಾ ತರಕಾರಿಯ ಕಸ ಹರಡಿ, ಸಗಣಿಯ ಬಗ್ಗಡವನ್ನು ಚಿಮುಕಿಸಬೇಕು. ಸಿಪ್ಪೆಯಲ್ಲಿಲ್ಲದ ಸಾರಜನಕವನ್ನು ಹಸಿರೆಲೆಯೂ ಸಗಣಿಯೂ ಒದಗಿಸುತ್ತವೆ. ತೇವ ಆರದಂತೆ ನೋಡಿಕೊಂಡು ಆಗಾಗ ತಿರುವಿ ಹಾಕುತ್ತಿದ್ದರೆ, ಕೆಲವು ತಿಂಗಳುಗಳಲ್ಲಿ ಅದು ಕಪ್ಪಾಗಿ, ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬೀರುತ್ತದೆ. ಆಗ ಅದನ್ನು ಧಾರಾಳವಾಗಿ ಮಣ್ಣಿಗೆ ಬೆರೆಸಬಹುದು.

ಕೆಲವು ಎಚ್ಚರಿಕೆಗಳೂ ಅಗತ್ಯ. ಉಪ್ಪುನೀರಿನಲ್ಲಿ ಬೇಯಿಸಿದ ಕಾಯಿಯ ಸಿಪ್ಪೆಯನ್ನು ತೋಟಕ್ಕೆ ಹಾಕಬಾರದು. ಮಣ್ಣಿನಲ್ಲಿ ಉಪ್ಪು ಹೆಚ್ಚಿದರೆ ಬೇರುಗಳು ನೀರನ್ನು ಹೀರಲಾರವು. ಬೂಷ್ಟು ಹಿಡಿದ ಸಿಪ್ಪೆಯನ್ನು ಪುಡಿಮಾಡಬಾರದು. ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ಎಲ್ಲ ಸಿಪ್ಪೆಗಳೂ ಒಂದೇ ಬಗೆಯವಲ್ಲವೆಂಬುದನ್ನೂ ನೆನಪಿಡಬೇಕು. ಹಸಿ ಗೇರುಬೀಜದ ಸಿಪ್ಪೆಯಲ್ಲಿ ಚರ್ಮವನ್ನು ಸುಡುವ ಎಣ್ಣೆಯಿರುವುದರಿಂದ ಅದನ್ನು ಬರಿಗೈಯಿಂದ ಮುಟ್ಟುವುದೂ ಅಪಾಯಕರ.

ಕಡಲೆಕಾಯಿ ನೆಲದೊಳಗೆ ಬೆಳೆಯುವ ಕಾಯಿ. ಅದರ ಸಿಪ್ಪೆ ಮತ್ತೆ ನೆಲಕ್ಕೆ ಸೇರುವುದು ಉಚಿತವೇ ಸರಿ. ಆದರೆ ನೆಲದ ಮೇಲೆ ಹೊದಿಕೆಯಾಗಿ, ನೆಲದೊಳಗೆ ಕಳಿತ ಗೊಬ್ಬರವಾಗಿ ಸೇರಬೇಕು.